ಎರಡು ಹೆಸರು ತೋರಿಸಿದ ಲ್ಯಾಪ್‌ಟಾಪು

ನನ್ನಲ್ಲೊಂದು ದೌರ್ಬಲ್ಯವಿದೆ, ಅದನ್ನು ಇಷ್ಟು ದಿನ ಸೌಜನ್ಯ ಎಂದು ಕರೆದುಕೊಂಡು ಬಂದಿದ್ದೆ. ಎಲ್ಲಿಯೂ ನಾನು ಮೊದಲು ಬಾಯಿ ಬಿಡುವುದಿಲ್ಲ. ತಪ್ಪು ನನ್ನೊಬ್ಬನದೇ ಅಲ್ಲ, ಊರಿನದೂ ಹೌದು. ಕಾಗವಾಡದಲ್ಲಿ ಬಸ್ಸು ಹತ್ತಿ ಮಿರಜಿನಲ್ಲಿ ಇಳಿಯುವುದರೊಳಗೆ ಒಂದು ಒಳ್ಳೆಯ ನಿದ್ದೆ ಕೂಡ ಆಗುವುದಿಲ್ಲ, ಆದರೆ ಅಷ್ಟರಲ್ಲೇ ಕನ್ನಡ ಮುಗಿದು ಮರಾಠಿ ಶುರುವಾಗಿರುತ್ತದೆ. ಹಾಗಾಗಿ ಗುರುತಿಲ್ಲದವರು ಎದುರಾದರೆ ನಾವು ಸಣ್ಣಗೆ ಕೆಮ್ಮಿ, ನಕ್ಕು, ಸುಮ್ಮನೆ ಕಾಯುತ್ತೇವೆ. ಅವರು ಯಾವ ಭಾಷೆಯಲ್ಲಿ ಮಾತು ತೆಗೆಯುತ್ತಾರೋ ನಮ್ಮದೂ ಅದೇ. ಒಮ್ಮೆ ಮಿರಜಿನ ಸ್ಟೇಷನ್ನಿನಲ್ಲಿ ರೈಲು ತಡವಾಯಿತೆಂದು ಪಕ್ಕದವರೊಬ್ಬರ ಜೊತೆ ಒಂದು ತಾಸು ಮರಾಠಿಯಲ್ಲಿ ಹರಟಿದೆ. ಆಮೇಲೆ ಅವರಿಗೆ ಮನೆಯಿಂದ ಫೋನ್ ಬಂತು. "ಊರಾಗ ಮಳಿ ಆತೇನು?" ಎಂದು ಅವರು ಅಚ್ಚ ಕನ್ನಡದಲ್ಲಿ ಕೇಳಿದರು. ವಿಚಾರಿಸಿದರೆ ನಮ್ಮ ಬೆಳಗಾವಿ ಜಿಲ್ಲೆಯದೇ ಅಕ್ಕೋಳದವರು. ಇಬ್ಬರೂ ನಕ್ಕೆವು. ಆದರೂ ಒಂದು ತಾಸು ಆಡಿದ ಭಾಷೆಯನ್ನು ನಡುನೀರಿನಲ್ಲಿ ಬಿಡುವುದು ಸರಿಕಾಣದೆ ಮರಾಠಿಯಲ್ಲೇ ಬೀಳ್ಕೊಂಡೆವು.

ಈ ಗುಣ ಮನುಷ್ಯರ ನಡುವೆ ಚೆನ್ನಾಗಿ ನಡೆಯುತ್ತದೆ. ಯಂತ್ರದ ಮುಂದೆ ನಡೆಯುವುದಿಲ್ಲ ಎಂದು ಗೊತ್ತಾದದ್ದು ನನ್ನ ಲ್ಯಾಪ್‌ಟಾಪಿಗೆ ಎರಡನೆಯ ಆಪರೇಟಿಂಗ್ ಸಿಸ್ಟಮ್ ಹಾಕಿಸಿದಾಗ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವನು. ನನ್ನ ಲ್ಯಾಪ್‌ಟಾಪಿಗೆ ಎಷ್ಟು ವಯಸ್ಸಾಗಿತ್ತೆಂದರೆ, ಗುಂಡಿ ಒತ್ತಿ, ಸ್ನಾನ ಮಾಡಿ, ಉಪ್ಪಿಟ್ಟು ತಿಂದು ಬಂದರೂ ಅದಿನ್ನೂ ಏಳುವ ಯೋಚನೆಯಲ್ಲೇ ಇರುತ್ತಿತ್ತು. ನಮ್ಮ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ದಸ್ತಗೀರ್ ಸರ್ ಅದರ ಸ್ಥಿತಿ ನೋಡಲಾರದೆ ಹೇಳಿದರು: "ಇರೂ ವಿಂಡೋಸ್ ಹಂಗ ಇರ್ಲಿ ಸರ್, ಅದಕ್ಕ ಕೈ ಹಚ್ಚೂದ ಬ್ಯಾಡ. ಬಾಜೂಕ ಲಿನಕ್ಸ್ ಅಂತ ಇನ್ನೊಂದು ಹಾಕೋಣು. ಹಗೂರ ಐತಿ, ಹಳೇ ಮಷೀನನ್ಯಾಗೂ ಓಡತೈತಿ. ನಿಮಗ ಯಾವಾಗ ಯಾವದು ಬೇಕೋ ಅದನ್ನ ತಕ್ಕೋರಿ."

ಒಂದೇ ಡಬ್ಬಿಯಲ್ಲಿ ಎರಡು ಹೇಗೆ ಇರುತ್ತವೆ, ಒಂದು ಕೆಲಸ ಮಾಡುವಾಗ ಇನ್ನೊಂದು ಎಲ್ಲಿ ಕೂತಿರುತ್ತದೆ, ಎರಡಕ್ಕೂ ಜಗಳ ಬಂದರೆ ಗತಿಯೇನು? ಮೂರೂ ಪ್ರಶ್ನೆಗಳನ್ನು ಕೇಳಿದೆ. ಅವರು ಮೂರಕ್ಕೂ ಸಮಾಧಾನದಿಂದ ಉತ್ತರ ಹೇಳಿದರು. ಒಂದೂ ತಲೆಗೆ ಹೋಗಲಿಲ್ಲ. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಪೆನ್ ಡ್ರೈವ್ ಚುಚ್ಚಿ ಅವರು ಕೇಳಿದರು, "ಇದರಾಗಿನ ಫೈಲುಗಳ್ದು ಬ್ಯಾರೆ ಕಡೆ ಒಂದು ಕಾಪಿ ಇಟ್ಟೀರಿಲ್ರಿ?" ನಾಲ್ಕನೆಯ ಸಲವೂ ದಡ್ಡನಾಗುವುದು ಬೇಡವೆಂದು "ಹೌದ್ರಿ" ಅಂದೆ. ಎಲ್ಲಿಯೂ ಇಟ್ಟಿರಲಿಲ್ಲ.

ಅದರಲ್ಲಿದ್ದ ನನ್ನ ಟಿಪ್ಪಣಿಗಳು ಹೋದರೆ ಅಳುವವರು ಯಾರೂ ಇಲ್ಲ, ವಿದ್ಯಾರ್ಥಿಗಳಂತೂ ಹಬ್ಬ ಮಾಡುತ್ತಾರೆ. ಆದರೆ ಅದರಲ್ಲಿ ನನ್ನ ಮಾವನವರ ದನಿ ಇತ್ತು. ಅವರು ಜುಗೂಳದವರು, ಕೃಷ್ಣೆಯ ದಂಡೆಯಲ್ಲೇ ಹೊಲ ಮಾಡಿಕೊಂಡು ಬಾಳಿದವರು. ಒಂದು ಸಲ ನಮ್ಮಲ್ಲಿಗೆ ಬಂದಾಗ, ಹೊಳೆಗೆ ಮಹಾಪೂರ ಬಂದ ವರ್ಷ ಎಮ್ಮೆಗಳನ್ನು ಹೇಗೆ ದಾಟಿಸಿದರೆಂಬ ಕತೆಯನ್ನು ನನ್ನ ಹೆಂಡತಿ ಸುವರ್ಣಾ ಈ ಲ್ಯಾಪ್‌ಟಾಪಿನಲ್ಲೇ ಹಿಡಿದಿಟ್ಟಿದ್ದಳು. ಮರುವರ್ಷ ಅವರು ತೀರಿಕೊಂಡರು. ಪ್ರತಿ ಭಾನುವಾರ ರೊಟ್ಟಿ ಬಡಿಯುವಾಗ ಆಕೆಗೆ ಆ ದನಿ ಬೇಕು. ಹಚ್ಚಿಕೊಟ್ಟು, ಎಮ್ಮೆ ನೀರಿಗೆ ಇಳಿಯುವ ಹೊತ್ತಿಗೆ ನಾನು ಸಂತೆಯ ಚೀಲ ಹಿಡಿದು ಹೊರಬೀಳುತ್ತಿದ್ದೆ. ಎಮ್ಮೆ ದಡ ಸೇರಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಮರುದಿನ ಭಾನುವಾರ. "ಅಪ್ಪನ್ನ ಹಚ್ಚರಿ" ಎಂದಳು ಅಡುಗೆಮನೆಯಿಂದ. ಗುಂಡಿ ಒತ್ತಿದೆ. ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದರ ಕೆಳಗೊಂದು ಹೆಸರು ಬಂದವು, ತಳದಲ್ಲಿ ಹತ್ತು, ಒಂಬತ್ತು, ಎಂಟು ಎಂದು ಅಂಕಿ ಇಳಿಯತೊಡಗಿತು. ನಾನು ಕೈಕಟ್ಟಿ ಕುಳಿತೆ. ಗುರುತಿಲ್ಲದ್ದು ಎದುರಾಗಿದೆ, ಅದು ಮೊದಲು ಮಾತಾಡಲಿ, ಆಮೇಲೆ ನಾವು. ಅಂಕಿ ಸೊನ್ನೆಗೆ ಬಂತು, ಲ್ಯಾಪ್‌ಟಾಪು ಚಕ್ಕನೆ ಎದ್ದಿತು. ಅಷ್ಟು ಬೇಗ ಅದು ಎದ್ದದ್ದನ್ನು ಕಂಡು ಸಂತೋಷವಾಯಿತು. ಒಳಗೆ ನೋಡಿದರೆ ಟಿಪ್ಪಣಿ ಇಲ್ಲ, ಫೋಟೋ ಇಲ್ಲ, ಮಾವನವರೂ ಇಲ್ಲ. ಗುಡಿಸಿ ಸಾರಿಸಿದ ಖಾಲಿ ಮನೆ. ಮುಚ್ಚಿ ಮತ್ತೆ ಹಚ್ಚಿದೆ, ಮತ್ತೆ ಕಾದೆ, ಮತ್ತೆ ಅದೇ.

ಸುವರ್ಣಾ ಹಿಟ್ಟಿನ ಕೈಯಲ್ಲೇ ಬಂದು ನಿಂತಳು. ಬೈದಿದ್ದರೆ ಸಹಿಸಬಹುದಿತ್ತು. "ಅಪ್ಪ ಮತ್ತೊಮ್ಮೆ ಬಂದು ಹೇಳಾಕ ಆಗೂದಿಲ್ರಿ" ಎಂದಷ್ಟೇ ಅಂದಳು. ಕೂಡಲೇ ದಸ್ತಗೀರ್ ಸರ್‌ಗೆ ಫೋನ್ ಮಾಡಿದೆ.

"ಚಾಲೂ ಮಾಡಿದ ಕೂಡ್ಲೇ ಎರಡು ಹೆಸರು ಬರತಾವಲ್ರಿ ಸರ್, ಅಲ್ಲಿ ಏನ್ ಒತ್ತಿದ್ರಿ?"

"ಏನೂ ಒತ್ತಲಿಲ್ರಿ. ಅದು ಏನಂತೈತಿ ನೋಡೋಣಂತ ಕುಂತೆ."

"ಅದೂ ನೀವೇನಂತೀರಿ ಅಂತ ಕುಂತಿರತೈತ್ರಿ ಸರ್. ಹತ್ತು ಸೆಕೆಂಡ್ ಕಾಯತೈತಿ, ಆಮ್ಯಾಲ ತನಗ ತಿಳಿದಂಗ ಹೊಸಾದನ್ನ ತಗೀತೈತಿ. ಕೆಳಗಿಂದು ಒತ್ತರಿ, ನಿಮ್ಮ ಹಳೇದೆಲ್ಲಾ ಅಲ್ಲೇ ಐತಿ."

ಮೂರನೆಯ ಸಲ ಹಚ್ಚಿದೆ. ಎರಡಲ್ಲ, ನಾಲ್ಕು ಸಾಲು ಕಂಡವು. ಕೆಳಗಿನದು ಎಂದರೆ ಎರಡನೆಯದೋ, ಕಟ್ಟಕಡೆಯದೋ? ತಪ್ಪಿ ಒತ್ತಿದರೆ ಇದ್ದದ್ದೂ ಅಳಿಸಿ ಹೋದರೆ? ಐದು, ನಾಲ್ಕು. ನನ್ನ ಬೆರಳು ಗಾಳಿಯಲ್ಲೇ ನಿಂತಿತ್ತು. ಮೂರು. ನನ್ನ ಭುಜದ ಮೇಲಿಂದ ಜೋಳದ ಹಿಟ್ಟು ಮೆತ್ತಿದ ಬೆರಳೊಂದು ಬಂದು, ಬಾಣದ ಕೀಲಿ ಒತ್ತುತ್ತ ವಿಂಡೋಸ್ ಎಂದಿದ್ದ ಸಾಲಿಗೆ ಇಳಿದು, ಟಪ್ಪನೆ ಎಂಟರ್ ಒತ್ತಿತು. "ಕರದ್ರ ಬರತೈತ್ರಿ. ಕರೀಲಾರದ ಹೆಂಗ ಬಂದೀತು?" ಎಂದಳು ಸುವರ್ಣಾ.

ಹಳೆಯದು ತನ್ನ ಹಳೆಯ ಗತಿಯಲ್ಲೇ ಎದ್ದಿತು. ಮಾವನವರು ಇದ್ದ ಜಾಗದಲ್ಲೇ ಇದ್ದರು. ಆ ದಿನ ನಾನು ಸಂತೆಗೆ ಹೋಗಲಿಲ್ಲ, ಆಕೆಯ ಪಕ್ಕದಲ್ಲೇ ಕುಳಿತೆ. ಎಮ್ಮೆಗಳು ದಡ ಸೇರಿದವು. ಕತೆ ಮುಗಿಯಿತು ಅಂದುಕೊಂಡೆ, ದನಿ ನಿಲ್ಲಲಿಲ್ಲ. "ಅಳಿಯಾರು ಹೊರಗ ಹ್ವಾದ್ರೇನವಾ?" ಎಂದು ಮಾವನವರು ಕೇಳಿದರು. "ಹೋದ್ರಪಾ" ಎಂದಿತು ಸುವರ್ಣಾಳ ದನಿ. "ಭಾಳ ಚಲೋ ಮನಷ್ಯಾ. ಆದ್ರ ಒಂದು ನೆನಪಿಟ್ಕೋ. ಬೆಲಿಬಾಳೂ ಸಾಮಾನ ಏನರೆ ಇದ್ರ ಅವ್ರ ಕೈಯಾಗ ಕೊಡಬ್ಯಾಡ. ಅವ್ರು ಏನೂ ಕೆಡಸೂದಿಲ್ಲ. ಅದು ಕೆಡೂತನಕಾ ನೋಡಕೋತ ನಿಂತಿರತಾರ."

ನಾನು ಸುವರ್ಣಾಳ ಕಡೆ ತಿರುಗಿದೆ. "ಇದು ನಿನಗ ಗೊತ್ತಿತ್ತೇನು?"

"ಆರು ವರ್ಷದಿಂದ ವಾರಾ ವಾರಾ ಕೇಳಾಕತ್ತೀನ್ರಿ" ಎಂದಳು, ರೊಟ್ಟಿ ಮಗುಚುತ್ತ.

ಸೋಮವಾರ ದಸ್ತಗೀರ್ ಸರ್ ಹತ್ತಿರ ಕೂತು ಕಾಪಿ ಮಾಡುವುದನ್ನು ಕಲಿತೆ. ಈಗ ಆ ದನಿ ಪೆನ್ ಡ್ರೈವಿನಲ್ಲಿದೆ, ಫೋನಿನಲ್ಲಿದೆ, ಹೊಸ ಸಿಸ್ಟಮಿನಲ್ಲೂ ಇದೆ. ಜೀವನದಲ್ಲಿ ಯಾರೂ ಹೇಳದೆ, ಯಾರನ್ನೂ ಕಾಯದೆ ನಾನಾಗಿಯೇ ಮಾಡಿದ ಮೊದಲ ಕೆಲಸವೆಂದರೆ, ನನ್ನ ವಿರುದ್ಧದ ಸಾಕ್ಷಿಯನ್ನು ಮೂರು ಕಡೆ ಭದ್ರಪಡಿಸಿದ್ದು.