ಮಗ್ಗದ ಬೆಲ್ಟು ಹಾಕಿದ ಕಾರು

ಕೆಲವರಿಗೆ ಇಸ್ಪೀಟಿನ ಚಟ, ಕೆಲವರಿಗೆ ನಶ್ಯದ ಚಟ. ನನಗಿರುವುದು ರಿಪೇರಿಯ ಚಟ. ಇಸ್ಪೀಟಾಡುವವನಿಗೆ ತಾನು ಮನೆ ಹಾಳು ಮಾಡುತ್ತಿದ್ದೇನೆ ಎಂಬ ಅಳುಕಾದರೂ ಒಳಗೊಳಗೇ ಇರುತ್ತದೆ. ರಿಪೇರಿಯವನಿಗೆ ಅದೂ ಇಲ್ಲ. ಮನೆಯನ್ನು ಉದ್ಧಾರ ಮಾಡುತ್ತಿದ್ದೇನೆ ಎಂದೇ ಅವನ ತಿಳಿವಳಿಕೆ. ನಲ್ಲಿ ತೊಟ್ಟಿಕ್ಕತೊಡಗಿದರೆ ಮನೆಮಂದಿಯ ಮುಖ ಬಾಡುತ್ತದೆ, ಅವನದು ಅರಳುತ್ತದೆ. "ಇದಕ್ಕೆಲ್ಲ ಯಾಕೆ ದುಡ್ಡು ದಂಡ, ನಾನೇ ಮಾಡ್ತೀನಿ" ಎಂದು ಪಂಚೆ ಎತ್ತಿ ಕಟ್ಟುತ್ತಾನೆ. ಆ ಗಳಿಗೆಯಲ್ಲಿ ಮಿಕ್ಕವರು ಸದ್ದಿಲ್ಲದೆ ಬಿಂದಿಗೆಗಳಿಗೆಲ್ಲ ನೀರು ತುಂಬಿಟ್ಟುಕೊಳ್ಳುವುದು ಕ್ಷೇಮ.

ನಾನು ದೊಡ್ಡಬಳ್ಳಾಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ಕಾಲದ ಮಾತಿದು. ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು. ವರ್ಷಕ್ಕೊಮ್ಮೆ ಎಂಜಿನ್ನಿನ ಪಾಠ ಬರುತ್ತಿತ್ತು. ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಸಿಲಿಂಡರು, ಪಿಸ್ಟನ್ನು ಬರೆದು, ಬಾಣದ ಗುರುತು ಹಾಕಿ ವಿವರಿಸಿದರೆ ಹಿಂದಿನ ಬೆಂಚಿನ ಹುಡುಗರೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಆಕಳಿಸುತ್ತಿದ್ದರೋ ಏನೋ, ದೂರದಿಂದ ಎರಡೂ ಒಂದೇ ಥರ ಕಾಣುತ್ತದೆ. ನಾನು ಬರೆದ ಎಂಜಿನ್ನು ಒಂದು ದಿನವೂ ಕೆಟ್ಟು ನಿಂತದ್ದಿಲ್ಲ. ಅದೇ ನನ್ನ ತಲೆಗೇರಿತು. ಮನೆಯ ಗೋಡೆ ಗಡಿಯಾರ ಬಿಚ್ಚಿದೆ. ಜೋಡಿಸಿದ ಮೇಲೆ ಅದು ಯಾರಾದರೂ ಬಾಗಿಲನ್ನು ಜೋರಾಗಿ ಹಾಕಿದಾಗ ಮಾತ್ರ ಗಂಟೆ ಹೊಡೆಯತೊಡಗಿತು. ಬಚ್ಚಲುಮನೆಯ ಚಿಲಕ ಸರಿ ಮಾಡಿದೆ. ಅಲ್ಲಿಂದ ಮುಂದೆ ಅದನ್ನು ಹೊರಗಿನಿಂದಷ್ಟೇ ತೆಗೆಯಲು ಬರುತ್ತಿತ್ತು. ನೆಂಟರು ಬಂದರೆ ನನ್ನ ಹೆಂಡತಿ ನಾಗರತ್ನ ಕಾಫಿ ಕೊಡುವುದಕ್ಕೂ ಮುಂಚೆ, ಬಚ್ಚಲ ಬಾಗಿಲು ಪೂರ್ತಿ ಹಾಕ್ಕೋಬೇಡಿ ಎಂದು ಹೇಳಿಬಿಡುತ್ತಿದ್ದಳು. ಪ್ರತಿ ರಿಪೇರಿಯ ಕೊನೆಗೂ ಒಂದಷ್ಟು ಮೊಳೆ, ನಟ್ಟು, ಬೋಲ್ಟು ಮಿಗುತ್ತಿದ್ದವು. ಕಂಪನಿಯವರು ಸುಮ್ಮಸುಮ್ಮನೆ ಜಾಸ್ತಿ ಹಾಕಿರುತ್ತಾರೆ ಎಂಬುದು ನನ್ನ ಸಿದ್ಧಾಂತ. ಅವಳು ಏನೂ ವಾದಿಸದೆ, ಮಿಕ್ಕಿದ್ದನ್ನೆಲ್ಲ ಒಂದು ಹಳೆಯ ಉಪ್ಪಿನಕಾಯಿ ಭರಣಿಗೆ ತುಂಬಿಡುತ್ತಿದ್ದಳು. ಬರಬರುತ್ತಾ ಆ ಭರಣಿಯನ್ನು ಎತ್ತಲು ಎರಡೂ ಕೈ ಬೇಕಾಗುತ್ತಿತ್ತು.

ಇಂಥವನ ಕೈಗೆ ಕಾರು ಸಿಗಬಾರದಿತ್ತು. ಸಿಕ್ಕಿತು. ಡಾಕ್ಟರಾಗಿದ್ದ ನಮ್ಮ ದೊಡ್ಡಪ್ಪ ಕಣ್ಣು ಮಂಜಾದ ಮೇಲೆ ತಮ್ಮ ಹಳೆಯ ಕಾರನ್ನು ನನಗೆ ದಾನ ಮಾಡಿದರು. ಅವರ ಸ್ವಂತ ಮಕ್ಕಳಿಬ್ಬರೂ ಅದು ಬೇಡವೆಂದು ಯಾಕೆ ಅಂದರು ಎಂದು ನಾನು ಆಗಲೇ ಯೋಚಿಸಬೇಕಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಗ್ಯಾರೇಜು ಇಟ್ಟಿದ್ದ ಬಾಬು ಸಾಬರು ಮೊದಲ ಸಲ ಕೇಳಿದ ಮಜೂರಿಗೇ ನನ್ನ ಎದೆ ಧಸಕ್ಕೆಂದಿತು. ಇನ್ನು ಮೇಲೆ ನಾನೇ ನೋಡ್ಕೋತೀನಿ ಎಂದು ಅವರ ಎದುರಿಗೇ ಸಾರಿದೆ. ಸಾಬರಿಗೆ ಬೇಜಾರಾಗುತ್ತದೇನೋ ಅಂದುಕೊಂಡಿದ್ದೆ. ಅವರು ನಕ್ಕು, ಧಾರಾಳವಾಗಿ ಬಿಚ್ಚಿ ಮೇಷ್ಟ್ರೇ, ಆಮೇಲೆ ಎಲ್ಲಾನೂ ಒಂದು ಗೋಣಿಚೀಲದಲ್ಲಿ ಹಾಕ್ಕೊಂಡು ತನ್ನಿ ಎಂದು ನನಗೊಂದು ಟೀ ಕುಡಿಸಿ ಕಳಿಸಿದರು. ನಾನು ಹೀಗೆ ಉಳಿತಾಯ ಮಾಡಲು ಶುರುಮಾಡಿದ ಮೇಲೆ ಅವರು ಅಂಗಡಿಗೆ ಹೊಸ ತಗಡು ಹೊದಿಸಿದರು.

ನಮ್ಮ ಬೀದಿಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ನೇಕಾರರ ಬೀದಿ ಅದು. ಎಡಗಡೆ ಮನೆಯಲ್ಲೂ ಪವರ್‌ಲೂಮು, ಬಲಗಡೆ ಮನೆಯಲ್ಲೂ ಪವರ್‌ಲೂಮು, ಹಿಂದಿನ ಗೋಡೆಗೆ ಆತುಕೊಂಡಂತೆ ಗಂಗಪ್ಪನವರ ಮಗ್ಗದ ಶೆಡ್ಡು. ಕರೆಂಟಿರುವ ತನಕ ಲಾಳಿಯ ಟಕಟಕ ನಿಲ್ಲುವಂತಿಲ್ಲ. ಆ ಬೀದಿಯಲ್ಲಿ ಹುಟ್ಟಿ ಬೆಳೆದವರು ಮಾತನ್ನು ಕಿವಿಯಿಂದ ಕೇಳುವುದೇ ಇಲ್ಲ, ತುಟಿ ನೋಡಿ ಓದಿಕೊಳ್ಳುತ್ತಾರೆ. ಹೆಂಗಸರು ಆ ಜಗಲಿಯಿಂದ ಈ ಜಗಲಿಗೆ ತುಟಿಯಲ್ಲೇ ಇಡೀ ಊರಿನ ಸಮಾಚಾರ ಮುಗಿಸುತ್ತಿದ್ದರು. ಸೂಲಿಬೆಲೆಯಿಂದ ಬಂದ ನಾಗರತ್ನ ಒಂದು ವರ್ಷದೊಳಗೆ ಅದನ್ನು ಕಲಿತುಬಿಟ್ಟಳು. ನನಗೆ ಹತ್ತಲಿಲ್ಲ. ಬದಲಿಗೆ ನಾನು ತಲೆಯಾಡಿಸುವುದನ್ನು ಕಲಿತೆ. ಅವಳು ಅಡುಗೆಮನೆ ಬಾಗಿಲಲ್ಲಿ ನಿಂತು ಏನಾದರೂ ಹೇಳಿದರೆ, ಹ್ಞೂಂ ಎಂಬಂತೆ ತಲೆಯಾಡಿಸಿಬಿಡುತ್ತಿದ್ದೆ. ಇಷ್ಟು ಒಮ್ಮತದ ದಾಂಪತ್ಯ ಇನ್ನೆಲ್ಲಿದೆ ಎಂದು ಒಳಗೊಳಗೇ ಹೆಮ್ಮೆ ಬೇರೆ.

ಹೀಗಿರುವಾಗ ಒಂದು ದಿನ ಕಾರಿನ ಫ್ಯಾನ್ ಬೆಲ್ಟು ತುಂಡಾಯಿತು. ಎಂಜಿನ್ನಿನ ಮುಂದೆ ಫ್ಯಾನು ತಿರುಗಿಸಿ ಅದನ್ನು ತಣ್ಣಗಿಡುವ ಪಟ್ಟಿ ಅದು. ಹೊಸದು ತರಲು ಬೆಂಗಳೂರಿಗೆ ಹೋಗಬೇಕು. ನನ್ನ ಕಣ್ಣು ಗಂಗಪ್ಪನವರ ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದ ಮಗ್ಗದ ಹಳೆಯ ಚರ್ಮದ ಬೆಲ್ಟಿನ ಮೇಲೆ ಬಿತ್ತು. ಅದೂ ತಿರುಗಿಸುತ್ತೆ, ಇದೂ ತಿರುಗಿಸುತ್ತೆ. ವಿಜ್ಞಾನ ಎಲ್ಲ ಕಡೆಗೂ ಒಂದೇ. ಗಂಗಪ್ಪನವರು ಪುಕ್ಕಟೆಯಾಗಿಯೇ ಕೊಟ್ಟರು. ಅಳತೆಗೆ ಕತ್ತರಿಸಿ, ಗೋಣಿ ಹೊಲಿಯುವ ದಬ್ಬಣದಲ್ಲಿ ಹೊಲಿದು, ಹಾಕಿಬಿಟ್ಟೆ. ಆಮೇಲೆ ಎಂಜಿನ್ನು ಶುರುಮಾಡಿ, ಬಾನೆಟ್ಟಿನ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಪಳಗಿದವರ ಹಾಗೆ ಕಿವಿಗೊಟ್ಟು ಆಲಿಸಿದೆ. ಅಪಸ್ವರವೇ ಇಲ್ಲ. ಸುತ್ತ ಬೀದಿ ತುಂಬಾ ಮಗ್ಗಗಳು ಬಡಿದುಕೊಳ್ಳುತ್ತಿರುವಾಗ, ಮಗ್ಗದ್ದೇ ಬೆಲ್ಟು ಹಾಕಿದ ಎಂಜಿನ್ನಿನಲ್ಲಿ ಅಪಸ್ವರ ಹುಡುಕಿದ ಮಹಾನುಭಾವ ಆ ಊರಿನಲ್ಲಿ ನಾನೊಬ್ಬನೇ ಇರಬೇಕು. ಆವತ್ತಿನಿಂದ ಕಾರು ಕೂಗಳತೆ ದೂರದ ಸ್ಕೂಲಿಗೆ ಹೋಗಿ ಬಂದು ಮಾಡುತ್ತಿತ್ತು. ಆ ದಿನಗಳಲ್ಲಿ ನಾಗರತ್ನ ಬಾಗಿಲಲ್ಲಿ ನಿಂತು, ಮೂಗಿನ ಕಡೆ ಬೆರಳು ತೋರಿಸಿ ಏನೇನೋ ಹೇಳುತ್ತಿದ್ದಳು. ನಾನು ತಲೆಯಾಡಿಸುತ್ತಿದ್ದೆ.

ಅಷ್ಟರಲ್ಲಿ ಸೂಲಿಬೆಲೆಯಿಂದ ಗೃಹಪ್ರವೇಶದ ಕರೆ ಬಂತು. ನಾಗರತ್ನಳ ಒಬ್ಬನೇ ತಮ್ಮ ಚಂದ್ರ ಹೊಸ ಮನೆ ಕಟ್ಟಿಸಿದ್ದ. ಅವರ ತಾಯಿ ತೀರಿಕೊಂಡಾಗ ಅವನು ಇನ್ನೂ ಚಡ್ಡಿ ಹಾಕುತ್ತಿದ್ದನಂತೆ. ತಲೆ ಬಾಚಿ, ಬುತ್ತಿ ಕಟ್ಟಿ, ಓದಿಸಿ ದೊಡ್ಡವನನ್ನಾಗಿ ಮಾಡಿದವಳು ಇವಳೇ. ಹೊಸ ಮನೆಯ ಒಲೆಯ ಮೇಲೆ ಹಾಲು ಉಕ್ಕಿಸುವುದು ಅವರಲ್ಲಿ ತಾಯಿಯ, ತಾಯಿಯಿಲ್ಲದಿದ್ದರೆ ಮನೆಮಗಳ ಹಕ್ಕು. ಮುಹೂರ್ತ ಬೆಳಗ್ಗೆಯೇ ಇತ್ತು. ಅವಳು ಹಿಂದಿನ ದಿನವೇ ಬಸ್ಸಿನಲ್ಲಿ ಹೋಗಿಬಿಡುತ್ತೇನೆ ಅಂದಳು. ಆಗ ಕರೆಂಟು ಹೋಗಿತ್ತಾದ್ದರಿಂದ ಈ ಮಾತು ನನಗೆ ಸರಿಯಾಗಿ ಕೇಳಿಸಿತು. ಮನೆ ಮುಂದೆ ಕಾರು ನಿಲ್ಲಿಸಿಕೊಂಡು ಬಸ್ಸಿಗೆ ಯಾಕೆ ದುಡ್ಡು ಹಾಕಬೇಕು, ಮೇಷ್ಟ್ರ ಹೆಂಡತಿ ತವರಿಗೆ ಕಾರಿನಲ್ಲಿ ಬಂದಿಳಿದರೆ ಅದರ ಗತ್ತೇ ಬೇರೆ ಎಂದು ಭಾಷಣ ಮಾಡಿ ಒಪ್ಪಿಸಿದೆ. ಹೊತ್ತಿಗೆ ಸರಿಯಾಗಿ ತಲುಪದಿದ್ದರೆ ಆ ಹಾಲು ತಮ್ಮನ ಹೆಂಡತಿಯ ಅಕ್ಕನ ಪಾಲಾಗುತ್ತದೆ ಎಂದು ಅವಳು ಎಚ್ಚರಿಸಿದಳು. ನಾನು ಹುಬ್ಬು ಹಾರಿಸಿದೆ.

ನಸುಕಿನಲ್ಲೇ ಹೊರಟೆವು. ರೇಷ್ಮೆ ಸೀರೆ ಉಟ್ಟು, ಮಡಿಲಲ್ಲಿ ಹೊಸ ಹಿತ್ತಾಳೆ ಪಾತ್ರೆ ಇಟ್ಟುಕೊಂಡು ಅವಳು ಪಕ್ಕದಲ್ಲಿ ಕೂತಿದ್ದಳು. ಊರಿನ ಕೊನೆಯ ಮಗ್ಗದ ಸದ್ದು ಹಿಂದೆ ಸರಿಯಿತು. ಸುತ್ತ ರಾಗಿ ಹೊಲ, ತಂಪು ಗಾಳಿ, ನಿಶ್ಶಬ್ದ. ಆದರೆ ನಿಶ್ಶಬ್ದವಾಗಿರಬೇಕಾದ ಕಡೆ ಟಪ್ ಟಪ್ ಟಪ್ ಎಂದು ಒಂದು ಸದ್ದು ನಮ್ಮ ಜೊತೆಗೇ ಬರತೊಡಗಿತು. ಮಗ್ಗದ ಸದ್ದು ಕಿವಿಯಲ್ಲಿ ಉಳಿದುಕೊಂಡಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ದೇವನಹಳ್ಳಿ ದಾಟಿತು, ಸದ್ದು ದಾಟಲಿಲ್ಲ. ಇದೇನು, ಗಂಗಪ್ಪನವರ ಮಗ್ಗಾನೂ ಗೃಹಪ್ರವೇಶಕ್ಕೆ ಬರ್ತಾ ಇದೆಯಾ ಎಂದು ಅವಳು ಕೇಳಿದಳು. ನಾನು ಅಭ್ಯಾಸಬಲದಿಂದ ತಲೆಯಾಡಿಸಿದೆ. ಸೂಲಿಬೆಲೆ ಇನ್ನೂ ಐದಾರು ಮೈಲಿ ಇದೆ ಅನ್ನುವಾಗ, ಒಂದು ಕೆರೆ ಏರಿಯ ಪಕ್ಕದಲ್ಲಿ ಬಾನೆಟ್ಟಿನಿಂದ ಬುಸ್ಸೆಂದು ಹಬೆ ಎದ್ದು, ಕಾರು ನಿಂತಿತು. ಸೂಲಿಬೆಲೆಯಲ್ಲಿ ಹಾಲು ಉಕ್ಕುವ ಮುಂಚೆಯೇ ಇಲ್ಲಿ ರೇಡಿಯೇಟರ್ ಉಕ್ಕಿತು. ಅದೂ ಶಾಸ್ತ್ರೋಕ್ತವಾಗಿ ಪೂರ್ವ ದಿಕ್ಕಿಗೇ.

ಬಾನೆಟ್ ಎತ್ತಿದರೆ ನನ್ನ ಚರ್ಮದ ಬೆಲ್ಟು ಸಡಿಲವಾಗಿ ಜೋತಾಡುತ್ತಾ, ಒಂದು ಪಕ್ಕಕ್ಕೆ ಸುಟ್ಟು ಕರಕಲಾಗಿತ್ತು. ಸಣ್ಣ ವಿಷಯ, ಒಂದೇ ನಿಮಿಷ ಅಂದೆ. ನಾಗರತ್ನ ಇಳಿದು ಬಂದು, ತನ್ನ ಚೀಲದಿಂದ ಆ ಉಪ್ಪಿನಕಾಯಿ ಭರಣಿಯನ್ನು ಎರಡೂ ಕೈಯಲ್ಲಿ ಎತ್ತಿ ಬಾನೆಟ್ಟಿನ ಪಕ್ಕದಲ್ಲಿ ಇಟ್ಟಳು. ತವರಿಗೆ ಒಯ್ಯುವ ಹಣ್ಣು, ಅರಿಶಿನ ಕುಂಕುಮದ ಜೊತೆ ಅದನ್ನೂ ತಂದಿದ್ದಳು. ಅದರಲ್ಲಿ ಕೈಯಾಡಿಸಿ ಉದ್ದನೆಯ ಒಂದು ಬೋಲ್ಟು ತೆಗೆದು, ಇದು ಎಲ್ಲಿಯದು ಎಂದು ಕೇಳಿದಳು. ಬೆಲ್ಟನ್ನು ಬಿಗಿಯಾಗಿ ಹಿಡಿದಿಡಬೇಕಾದ ಬೋಲ್ಟು ಅದು. ನಾನು ಕೆರೆಯ ಕಡೆ ನೋಡಿದೆ.

"ಚರ್ಮ ಸುಟ್ಟ ವಾಸನೆ ಬರ್ತಿದೆ, ಸಾಬರಿಗೆ ತೋರಿಸಿ ಅಂತ ದಿನಾ ಹೇಳಿದೀನಿ ರೀ. ನೀವು ದಿನಾ ತಲೆ ಆಡಿಸಿದೀರಿ."

ಮಗ್ಗದ ಸದ್ದಿಲ್ಲದೆ ನನ್ನ ಹೆಂಡತಿಯ ಧ್ವನಿಯನ್ನು ಅಷ್ಟು ಹತ್ತಿರದಿಂದ ಕೇಳಿ ಎಷ್ಟು ಕಾಲವಾಗಿತ್ತೋ. ಅದು ಜೋರಾಗಿರಲಿಲ್ಲ. ಜೋರಾಗಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಸೂಲಿಬೆಲೆಯ ದಿಕ್ಕಿಗೆ ನೋಡುತ್ತಾ ಇನ್ನೊಂದು ಮಾತು ಹೇಳಿದಳು.

"ಅಮ್ಮ ಇದ್ದಿದ್ರೆ ಅವಳೇ ಹಾಲು ಉಕ್ಕಿಸ್ತಿದ್ಲು. ಅವಳಿಲ್ಲ ಅಂತಲೇ ಅಲ್ವಾ ನಾನು ಹೊರಟಿದ್ದು."

ನನಗೆ ನಿಜವಾಗಿ ನಾಚಿಕೆಯಾಯಿತು. ಕಾರು, ಬೆಲ್ಟು, ವಿಜ್ಞಾನ ಎಲ್ಲವನ್ನೂ ಎತ್ತಿ ಆ ಕೆರೆಗೆ ಹಾಕಿ, ಅವಳನ್ನು ಹೊತ್ತುಕೊಂಡು ಓಡಿಬಿಡೋಣ ಅನ್ನಿಸಿತು. ಓಡುವ ಶಕ್ತಿ ಇರಲಿಲ್ಲ, ಅದು ಬೇರೆ ಮಾತು. ಪುಣ್ಯಕ್ಕೆ ಹಾಲಿನ ವ್ಯಾನೊಂದು ಖಾಲಿ ಕ್ಯಾನುಗಳನ್ನು ಗಡಗಡ ಅನ್ನಿಸುತ್ತಾ ಬಂತು. ಸೂಲಿಬೆಲೆಗೇ ಹೋಗುವುದು. ಮುಂದೆ ಒಬ್ಬರಿಗೆ ಜಾಗವಿದೆ, ಇನ್ನೊಬ್ಬರು ಬೇಕಾದರೆ ಹಿಂದೆ ಕ್ಯಾನುಗಳ ಮಧ್ಯೆ ನಿಲ್ಲಬಹುದು ಎಂದ ಡ್ರೈವರು. ಕಾರು ಬಿಟ್ಟು ಬರುವುದು ಹೇಗೆ ಎಂದು ನಾನು ಗೊಣಗುತ್ತಿರುವಾಗಲೇ ನಾಗರತ್ನ ಪಾತ್ರೆ ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿ ಕೂತಿದ್ದಳು. ವ್ಯಾನು ಹೊರಟೇಹೋಯಿತು. ಅವಳು ಹಿಂದಿರುಗಿ ನೋಡಲಿಲ್ಲ. ನೋಡುವಂಥದ್ದು ಅಲ್ಲಿ ಏನೂ ಇರಲಿಲ್ಲ ಅನ್ನಿ.

ಮಿಕ್ಕ ದಾರಿಯನ್ನು ನಾನು ಹೇಗೆ ಸವೆಸಿದೆ ಎಂಬುದನ್ನು ವಿವರಿಸಿದರೆ ನಿಮಗೇ ಬಾಯಾರಿಕೆಯಾದೀತು. ಆ ಬೋಲ್ಟನ್ನು ಅದರ ಜಾಗಕ್ಕೆ ಹಾಕಿ, ಭರಣಿಯ ನಟ್ಟುಗಳನ್ನೆಲ್ಲ ಸೀಟಿನ ಮೇಲೆ ಸುರಿದು, ಅದರಲ್ಲೇ ಕೆರೆಯ ನೀರು ತಂದು ರೇಡಿಯೇಟರಿಗೆ ಹುಯ್ದೆ. ಸ್ವಲ್ಪ ದೂರ ಓಡಿಸುವುದು, ನಿಲ್ಲಿಸುವುದು, ಸಿಕ್ಕ ಬಾವಿಯಲ್ಲೋ ಕುಂಟೆಯಲ್ಲೋ ನೀರು ತುಂಬಿಕೊಳ್ಳುವುದು. ಹಬೆಯಲ್ಲಿ ನಿಂಬೆಕಾಯಿ ಉಪ್ಪಿನಕಾಯಿಯ ವಾಸನೆ ಬರುತ್ತಿತ್ತು. ಬೆಳಗಿನಿಂದ ಏನೂ ತಿಂದಿರದ ನನಗೆ ಅದೊಂದು ಶಿಕ್ಷೆಯೇ ಆಯಿತು. ಸೂಲಿಬೆಲೆ ಮುಟ್ಟಿದಾಗ ಮೊದಲ ಪಂಕ್ತಿಯವರು ಕೈ ತೊಳೆದುಕೊಳ್ಳುತ್ತಿದ್ದರು.

ಮುಖ ಎಲ್ಲಿಟ್ಟುಕೊಳ್ಳಲಿ ಎಂದು ಹಿಂಜರಿಯುತ್ತಾ ಇಳಿದರೆ, ಚಂದ್ರ ಓಡಿಬಂದು ಕೈ ಹಿಡಿದುಕೊಂಡ. ಹಾಲು ಚೆನ್ನಾಗಿ ಉಕ್ಕಿತು ಭಾವ, ಅಕ್ಕ ಸರಿಯಾದ ಹೊತ್ತಿಗೆ ಬಂದುಬಿಟ್ಟಳು ಎಂದು ಕಣ್ಣೊರೆಸಿಕೊಂಡ. ಆಮೇಲೆ ಅವನು ಸುತ್ತಲಿದ್ದ ನೆಂಟರಿಗೆಲ್ಲ ಕೇಳುವಂತೆ, ನಮ್ಮ ಭಾವ ಎಂಥವರು ಗೊತ್ತಾ ಎಂದು ಶುರುಮಾಡಿದ. ದಾರಿಯಲ್ಲಿ ಯಾರೋ ಪಾಪದವರ ಕಾರು ಕೆಟ್ಟು ನಿಂತಿತ್ತಂತೆ, ಹೊಟ್ಟೆ ಹಸಿದುಕೊಂಡು ಅದನ್ನು ರಿಪೇರಿ ಮಾಡಿಕೊಡಲು ನಿಂತುಬಿಟ್ಟರಂತೆ, ಅಕ್ಕ ಬಂದಕೂಡಲೇ ಹೇಳಿದಳು. ನೆಂಟರು ನನ್ನ ಮಸಿ ಬಳಿದ ಅಂಗಿಯನ್ನು ಗೌರವದಿಂದ ನೋಡಿದರು. ನನ್ನ ಮಾನ ಉಳಿಸಲು ಅವಳು ಹೇಳಿದ ಸುಳ್ಳು ಅದು. ಆ ಕ್ಷಣ ಅವಳ ಮೇಲೆ ನನಗೆ ಉಕ್ಕಿ ಬಂದ ಪ್ರೀತಿಯನ್ನು ಬಾಯಿಬಿಟ್ಟು ಹೇಳಲು ಸಂಕೋಚ.

ಎಲೆ ಮುಂದೆ ಕೂರಿಸಿ ಚಿರೋಟಿ ಬಡಿಸಿದರು. ಊಟ ಮುಗಿದು ಕೈ ತೊಳೆಯುವಾಗ ಚಂದ್ರ ತಗ್ಗಿದ ಧ್ವನಿಯಲ್ಲಿ ಒಂದು ವಿಷಯ ತೆಗೆದ. ಹೊಸ ಮನೆಯ ಬಾವಿಗೆ ಕರೆಂಟಿನ ಮೋಟರ್ ಕೂರಿಸಿದ್ದಾನೆ, ನೀರೇನೋ ಬರುತ್ತೆ, ಆದರೆ ಒಂಚೂರು ಸದ್ದು ಮಾಡ್ತಿದೆ. ಹೊಸಕೋಟೆಯಿಂದ ಮೆಕ್ಯಾನಿಕ್ ಕರೆಸಿದರೆ ಸುಮ್ಮನೆ ಖರ್ಚು, ಹೇಗೂ ನೀವೇ ಇದ್ದೀರಲ್ಲ ಭಾವ. ಇನ್ನೂ ಎರಡು ಪಂಕ್ತಿ ಊಟಕ್ಕೆ ಕೂರಬೇಕಿತ್ತು. ನಡುಮನೆಯಲ್ಲಿ ವಾಲಗ ಜೋರಾಗಿ ನಡೆಯುತ್ತಿತ್ತು. ಅದರಾಚೆ, ಅಡುಗೆಮನೆಯ ಬಾಗಿಲಲ್ಲಿ, ತಾನು ಉಕ್ಕಿಸಿದ ಹಾಲಿನ ಪಾತ್ರೆ ಹಿಡಿದು ನಾಗರತ್ನ ನಿಂತಿದ್ದಳು. ಚಂದ್ರ ನನ್ನನ್ನು ಏನು ಕೇಳುತ್ತಿದ್ದಾನೆಂದು ಅವನ ತುಟಿ ನೋಡಿಯೇ ಅವಳಿಗೆ ಗೊತ್ತಾಗಿಹೋಗಿತ್ತು. ಅವಳ ತುಟಿಯೂ ಅಲುಗಿತು. ನಿಧಾನವಾಗಿ, ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಹಾಗೆ, ಬಿಡಿಸಿ ಬಿಡಿಸಿ ಹೇಳಿದಳು: ಮುಟ್ಟಬೇಡಿ.

ಅಷ್ಟು ವರ್ಷ ಆ ಬೀದಿಯಲ್ಲಿದ್ದೂ ಹತ್ತದ ಭಾಷೆ ಅಂದು ಮೊದಲ ಸಲ ನನಗೆ ಪೂರ್ತಿಯಾಗಿ ಅರ್ಥವಾಯಿತು. ನಾನು ಅವಳ ಕಡೆ ನೋಡಿ ತಲೆಯಾಡಿಸಿದೆ. ಆಮೇಲೆ ಪಂಚೆ ಎತ್ತಿ ಕಟ್ಟಿ, ಸ್ಪ್ಯಾನರ್ ಎಲ್ಲಿಟ್ಟಿದೀಯಪ್ಪ ಎಂದು ಚಂದ್ರನನ್ನು ಕೇಳಿದೆ.