ತಡದ ಬಗ್ಗೆ ತಡವಾಗಿ ಬರೆದದ್ದು

ಬರೆಯುತ್ತೇನೆ ಎಂದು ಒಪ್ಪಿಕೊಳ್ಳುವಾಗ ಇರುವ ಸುಖ ಬರೆಯುವಾಗ ಇರುವುದಿಲ್ಲ. ವಕೀಲನಾದ ನನಗೆ ಇದರ ಜೊತೆಗೆ ಇನ್ನೊಂದು ಕಾಯಿಲೆಯೂ ಇದೆ. ಏನೇ ಕೆಲಸ ಹೇಳಿದರೂ ಬಾಯಿಗೆ ಮೊದಲು ಬರುವುದು, "ಇನ್ನೊಂದು ಡೇಟ್ ಕೊಡಿ." ಮನೆಯ ಫ್ಯಾನು ಒರೆಸುವ ಕೆಲಸಕ್ಕೆ ದೀಪಾವಳಿಯಿಂದ ಯುಗಾದಿಯವರೆಗೆ ಹೆಂಡತಿಯಿಂದ ವಾಯಿದೆ ಪಡೆದವನು ನಾನು.

ವಿಜಯನಗರದ ಒಂದು ಕಾಂಡಿಮೆಂಟ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ವಕೀಲರು ಇಬ್ಬರೇ, ನಾನು ಮತ್ತು ಪಾಲುದಾರರಾದ ಸುಮಿತ್ರಾ. ಹೊಸ ತೀರ್ಪುಗಳ ಬಗ್ಗೆ ಪ್ರತಿ ಸೋಮವಾರ ಜನರಿಗೆ ತಿಳಿಯುವಂತೆ ಒಂದು ಟಿಪ್ಪಣಿ ಬರೆದು ವಾಟ್ಸಾಪಿನಲ್ಲಿ ಹಂಚೋಣ ಎಂದವರು ಅವರು. ನಾನೇ ಬರೆಯುತ್ತೇನೆಂದು ಬೀಗಿದವನು ನಾನು. ಒಂದು ಸಲ ಸಿಕ್ಕ ತೀರ್ಪು ಅಪೀಲು ಹಾಕಲು ತಡಮಾಡಿದವರ ಬಗ್ಗೆ. ತಡಕ್ಕೆ ತಕ್ಕ ಕಾರಣ ತೋರಿಸಿದರೆ ಕೋರ್ಟು ಮನ್ನಿಸಬಹುದು. ಇಷ್ಟು ಬರೆಯಲು ನನಗೆ ನಾಲ್ಕು ವಾರ ಹಿಡಿಯಿತು. "ತಡದ ಬಗ್ಗೆ ಬರೆಯೋಕೂ ಇಷ್ಟು ತಡಾನಾ? ನಾಚಿಕೆ ಆಗಲ್ವೇನ್ರೀ?" ಎಂದರು ಸುಮಿತ್ರಾ. ಆಗಿತ್ತು, ನಿಜ. ಆದರೆ ಕೆಳಗಿನಿಂದ ಕೋಡುಬಳೆ ಕರಿಯುವ ವಾಸನೆ ಬರುತ್ತಿರುವಾಗ ನಾಚಿಕೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಟಿಪ್ಪಣಿ ಹೋದ ಮರುದಿನವೇ ಲಗ್ಗೆರೆಯಿಂದ ಲಕ್ಷ್ಮವ್ವ ಬಂದರು. ಗದಗದ ಕಡೆಯವರು, ಗಾರ್ಮೆಂಟ್ಸಿನಲ್ಲಿ ಕೆಲಸ. ಅವರು ತಮ್ಮ ಎರಡು ಕೋಣೆಯ ಮನೆ ಬಿಟ್ಟುಕೊಡಬೇಕೆಂದು ಕೆಳಗಿನ ಕೋರ್ಟು ತೀರ್ಪು ಕೊಟ್ಟಿತ್ತು. ಅಪೀಲಿನ ಗಡುವು ಮುಗಿಯುವಾಗ ಲಕ್ಷ್ಮವ್ವ ಊರಿನ ಆಸ್ಪತ್ರೆಯಲ್ಲಿ ತಾಯಿಯ ಮಂಚದ ಪಕ್ಕ ಕೂತಿದ್ದರು.

"ನಿನ್ನೆ ಊರಿಂದ ಬಂದೆ. ಎಲ್ಲಾ ಮುಗೀತು ಅಂತ ಸಾಮಾನ ಕಟ್ಟಾಕ ಹತ್ತಿದ್ದೆರಿ. ಮಗಳು ನಿಮ್ದು ಓದಿ ಹೇಳಿದ್ಲು. ತಡ ಆದ್ರೂ ಕೋರ್ಟ್ ಕೇಳ್ತೈತಿ ಅಂತ ಬರದೀರಲ್ಲ, ಖರೇನ ಏನ್ರಿ ಸಾಹೇಬ್ರ?"

ಎದ್ದು ಅವರಿಗೆ ಕುರ್ಚಿ ಎಳೆದುಕೊಟ್ಟೆ. ಅದುವರೆಗೆ ನನ್ನ ಟಿಪ್ಪಣಿಗಳಿಗೆ ಬಂದಿದ್ದ ಪ್ರತಿಕ್ರಿಯೆಯೆಂದರೆ ಭಾವಮೈದುನ ಓದದೆಯೇ ಒತ್ತುತ್ತಿದ್ದ ಕೈಮುಗಿಯುವ ಚಿತ್ರವೊಂದೇ.

ತಡವಾದ ಒಂದೊಂದು ದಿನಕ್ಕೂ ಕಾರಣ ಹೇಳಬೇಕಮ್ಮಾ ಎಂದೆ. ಲಕ್ಷ್ಮವ್ವ ಚೀಲದಿಂದ ಆಸ್ಪತ್ರೆಯ ಚೀಟಿ, ಔಷಧಿ ಅಂಗಡಿಯ ರಸೀದಿ, ಬಸ್ ಟಿಕೆಟ್ಟು ತೆಗೆದು ತಾರೀಖಿನ ಪ್ರಕಾರ ಮೇಜಿನ ಮೇಲೆ ಜೋಡಿಸಿದರು. ಒಂದು ದಿನವೂ ತಪ್ಪಿರಲಿಲ್ಲ. ಅಫಿಡವಿಟ್ಟನ್ನು ನಾನು ಅದೇ ಸಂಜೆ ಬರೆದು ಮುಗಿಸಿದೆ. ಜ್ವರವಿದೆಯೇ ಎಂದು ಸುಮಿತ್ರಾ ನನ್ನ ಹಣೆ ಮುಟ್ಟಿ ನೋಡುವುದೊಂದು ಬಾಕಿ. ಕೋರ್ಟು ತಡವನ್ನು ಮನ್ನಿಸಿ ಅಪೀಲು ತೆಗೆದುಕೊಂಡಿತು. ಅದು ಮುಗಿಯುವವರೆಗೆ ಮನೆ ಖಾಲಿ ಮಾಡಿಸಬಾರದು ಎಂದಿತು. ಲಕ್ಷ್ಮವ್ವ ಕಟ್ಟಿದ್ದ ಸಾಮಾನು ಬಿಚ್ಚಿದರು. ನಮಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಂತು.

ರೊಟ್ಟಿ ಮುರಿಯುತ್ತಾ ನಾನು ವಾದ ಹೂಡಿದೆ. "ನೋಡಿ, ಟೈಮಿಗೆ ಸರಿಯಾಗಿ ಬರ್ದಿದ್ರೆ ಲಕ್ಷ್ಮವ್ವ ಊರಿಂದ ಬರೋ ಹೊತ್ತಿಗೆ ಅದು ಗುಡ್ ಮಾರ್ನಿಂಗ್ ಮೆಸೇಜುಗಳ ಅಡಿ ಹೂತುಹೋಗಿರ್ತಿತ್ತು. ನಾನು ತಡ ಮಾಡಿದ್ದಕ್ಕೇ ಮನೆ ಉಳೀತು."

"ಆಯ್ತು, ನಿಮ್ಮ ತಡಾನೂ ಮನ್ನಿಸೋಣ," ಎಂದರು ಸುಮಿತ್ರಾ. "ನಾಲ್ಕು ವಾರದಲ್ಲಿ ಒಂದೊಂದು ದಿನಾನೂ ಏನ್ ಮಾಡ್ತಿದ್ರಿ ಅಂತ ಲಕ್ಷ್ಮವ್ವನ ಥರಾ ಅಫಿಡವಿಟ್ ಹಾಕಿ."

ನ್ಯಾಯವಾದ ಮಾತು. ಅಂದೇ ಬರೆಯಲು ಕೂತೆ. ಮೊದಲನೆಯ ದಿನಕ್ಕೆ ಕೋಡುಬಳೆಯ ಹೊರತು ಬೇರೆ ಕಾರಣ ಹೊಳೆಯಲಿಲ್ಲ. ಸದ್ಯಕ್ಕೆ ಇನ್ನೊಂದು ಡೇಟ್ ಕೇಳಿದ್ದೇನೆ.