ಪರದೇಶಿ ಗೊಂಬೆಯ ಎಡಮಂಡಿ

ಹಾವು, ಹಲ್ಲಿ, ಗುಡುಗು, ಹೆಂಡತಿಯ ತವರಿನ ಹಿರಿಯರು, ಹೀಗೆ ಒಬ್ಬೊಬ್ಬರಿಗೆ ಒಂದೊಂದರ ಭಯ. ನನಗೆ ಇವು ಅಷ್ಟಾಗಿ ಬಾಧಿಸುವುದಿಲ್ಲ. ನಾನು ಹೆದರುವುದು ಒಂದೇ ಒಂದು ಪ್ರಶ್ನೆಗೆ: "ಇದನ್ನು ಮಾಡಿದವರು ಯಾರು?" ಯಾರು ಕೇಳಿದರೂ, ಯಾವುದರ ಬಗ್ಗೆ ಕೇಳಿದರೂ ಮಾಡಿದವನು ನಾನೇ ಎಂಬಂತೆ ಕಿವಿ ಬಿಸಿಯಾಗುತ್ತದೆ. ಒಮ್ಮೆ ಆಫೀಸಿನ ಗೋಡೆಗೆ ಯಾರೋ ಕ್ಯಾಲೆಂಡರನ್ನು ತಲೆಕೆಳಗಾಗಿ ತೂಗುಹಾಕಿದ್ದರಂತೆ. ಅದರ ವಿಚಾರಣೆ ನಡೆದಾಗ ನಾನು ರಜೆಯ ಮೇಲೆ ಕುಂದಾಪುರದಲ್ಲಿದ್ದೆ. ಆದರೂ ಮರಳಿ ಬಂದು ಸುದ್ದಿ ಕೇಳಿದ ಮೇಲೆ ಎರಡು ದಿನ ನನಗೆ ಊಟ ಸೇರಲಿಲ್ಲ. ಇಂಥವನ ಕೈಗೆ ಅಷ್ಟು ನಾಜೂಕಿನ ಗೊಂಬೆಯನ್ನು ಕೊಟ್ಟದ್ದು ನಮ್ಮ ಕಂಪನಿಯ ಮಾಲೀಕರಾದ ಶೇಟ್‌ಜಿಯದೇ ತಪ್ಪು. ಈಗ ಹೇಳುತ್ತಿದ್ದೇನೆ, ಆಗ ಹೇಳಲಿಲ್ಲ.

ಎಪ್ಪತ್ತರ ದಶಕದ ಆರಂಭ. ಫೋರ್ಟ್‌ನ ಹಳೆಯ ಬಿಲ್ಡಿಂಗೊಂದರ ಎರಡನೆಯ ಮಹಡಿಯಲ್ಲಿ ನಮ್ಮ ಆಫೀಸು. ಪ್ಲಾಸ್ಟಿಕ್ ಬಕೆಟು, ಸೋಪಿನ ಡಬ್ಬಿ ಮಾಡುವ ಕಂಪನಿ. ನಾನು ಅಲ್ಲಿಯ ಪತ್ರವ್ಯವಹಾರದ ಗುಮಾಸ್ತ. ಶೇಟ್‌ಜಿಗೆ ಅರವತ್ತನೆಯ ವಯಸ್ಸಿನಲ್ಲಿ ಬಕೆಟುಗಳ ಮೇಲೆ ವೈರಾಗ್ಯ ಬಂದು, ಗೊಂಬೆ ಮಾಡುವ ಹಂಬಲ ಹುಟ್ಟಿತು. ಲಂಡನ್ನಿಗೆ ಹೋದವರು ಮಾದರಿಗೆಂದು ಒಂದನ್ನು ತಂದರು. ಒಂದಡಿ ಎತ್ತರದ ಪರ್ವತಾರೋಹಿ. ಉಣ್ಣೆಯ ಟೋಪಿ, ನಿಜವಾದ ಲೇಸು ಕಟ್ಟಿದ ಬೂಟು, ಸೊಂಟಕ್ಕೆ ಹಗ್ಗ. ಕುತ್ತಿಗೆ, ಹೆಗಲು, ಮೊಣಕೈ, ಮಣಿಕಟ್ಟು, ಸೊಂಟ, ಮಂಡಿ, ಪಾದ, ಎಲ್ಲವೂ ಬಗ್ಗುತ್ತಿದ್ದವು. ಕೈಬೆರಳಿನ ಉಗುರುಗಳನ್ನೂ ಕೊರೆದಿದ್ದರು. "ಇದು ಮಕ್ಕಳಿಗಲ್ಲ," ಎಂದರು ಶೇಟ್‌ಜಿ. "ಅಲ್ಲಿ ದೊಡ್ಡವರು ಕೊಂಡು ಗಾಜಿನ ಕಪಾಟಿನಲ್ಲಿ ಇಡುತ್ತಾರೆ." ನಾವು ಸುತ್ತ ನಿಂತು, ಕೈ ಹಿಂದೆ ಕಟ್ಟಿಕೊಂಡು ನೋಡಿದೆವು.

ಒಂದು ಶುಕ್ರವಾರ ಶೇಟ್‌ಜಿ ಅಹಮದಾಬಾದಿಗೆ ಹೊರಟರು. ಹೊರಡುವ ಮುನ್ನ ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟು, "ರಾವ್, ಮನೆಗೆ ಒಯ್ದು ಸಮಾಧಾನವಾಗಿ ನೋಡು. ಯಾವ ಕೀಲು ಹೇಗೆ ತಿರುಗುತ್ತದೆ, ಹೇಗೆ ಕೂಡಿಸಿದ್ದಾರೆ, ಎಲ್ಲ ಬರೆ. ಮಂಗಳವಾರ ಬರುತ್ತೇನೆ," ಎಂದರು. ಆ ಸಂಜೆ ಮುಲುಂಡಿನ ಮನೆಗೆ ಮರಳುವ ಲೋಕಲ್ ರೈಲಿನಲ್ಲಿ ಪೆಟ್ಟಿಗೆಯನ್ನು ಎದೆಗವಚಿಕೊಂಡು ನಿಂತಿದ್ದ ನನ್ನನ್ನು ಕಂಡು ಒಬ್ಬ ಮರಾಠಿ ಮುದುಕ ಎದ್ದು ಸೀಟು ಬಿಟ್ಟುಕೊಟ್ಟ. ಒಳಗೆ ಅಸ್ಥಿ ಇದೆಯೆಂದು ಭಾವಿಸಿದನೋ ಏನೋ.

ಶನಿವಾರವೆಲ್ಲ ಕೈಗೆ ಕರವಸ್ತ್ರ ಸುತ್ತಿಕೊಂಡು ಗೊಂಬೆಯ ಒಂದೊಂದೇ ಕೀಲನ್ನು ತಿರುಗಿಸಿ ಬರೆದುಕೊಂಡೆ. ಭಾನುವಾರ ಬೆಳಿಗ್ಗೆ ನನಗೊಂದು ದುರ್ಬುದ್ಧಿ ಹೊಳೆಯಿತು. ಈ ಗೊಂಬೆಯನ್ನು ನಮ್ಮ ದೇಶದಲ್ಲಿ ಮಾರುವುದಾದರೆ ಅದಕ್ಕೆ ಪದ್ಮಾಸನ ಹಾಕಿ ಕೂರಲು ಬರಬೇಡವೇ? ಬಲಗಾಲು ಹೇಗೋ ಮಡಿಚಿಕೊಂಡಿತು. ಎಡಗಾಲನ್ನು ಅದರ ಮೇಲೆ ತರುವಾಗ ಟಕ್ ಎಂದಿತು. ಮಂಡಿಯ ಕೆಳಗಿನ ಭಾಗ, ಬೂಟಿನ ಸಮೇತ, ನನ್ನ ಕೈಯಲ್ಲಿ ಉಳಿಯಿತು.

ಅಡುಗೆಮನೆಯಿಂದ ಹೆಂಡತಿ ಶಾರದೆ ಬಂದಳು. "ಎಂತ ಮಾಡಿದ್ದು ನೀವು?" ಎಂದಳು. ನಾನು ಪದ್ಮಾಸನದ ವಿಷಯ ಹೇಳಿದೆ. ಅವಳು ತುಂಡಾದ ಕಾಲನ್ನು ನೋಡಿ, "ಬೂಟು ಹಾಕಿಕೊಂಡೇ ಪದ್ಮಾಸನವಾ?" ಎಂದಳು.

ಆಮೇಲಿನ ಗಂಟೆಗಳನ್ನು ವರ್ಣಿಸಲಾರೆ. ಕೆಲಸ ಹೋದಂತೆ, ಹೆಂಡತಿಯನ್ನು ಕರೆದುಕೊಂಡು ಬೋಟಿನಲ್ಲಿ ಊರಿಗೆ ಮರಳಿದಂತೆ, ಹಡಗುಕಟ್ಟೆಯಲ್ಲಿ ಮಾವನವರು "ಯಾಕೆ ಬಂದದ್ದು?" ಎಂದು ಕೇಳಿದಂತೆ ಎಲ್ಲವೂ ಕಣ್ಣಿಗೆ ಕಟ್ಟಿತು. ಕಡೆಗೆ ದಾರಿ ತೋರಿಸಿದವಳು ಶಾರದೆಯೇ. ನಮ್ಮ ಕೆಳಗಿನ ಮನೆಯ ದೇಸಾಯರಿಗೆ ಒಂದು ಕಾಲು ಕೃತಕದ್ದು. ಆ ಕಾಲಿನಲ್ಲೇ ಅವರು ಸದ್ದಿಲ್ಲದೆ ಮೆಟ್ಟಿಲು ಹತ್ತುತ್ತಿದ್ದರು. "ಅದನ್ನು ಮಾಡಿದವನು ಧಾರಾವಿಯಲ್ಲಿದ್ದಾನಂತೆ, ಬಾಗಲಕೋಟೆಯವನು. ಮನುಷ್ಯರ ಮಂಡಿ ಮಾಡುವವನಿಗೆ ಇದು ದೊಡ್ಡದಾ?" ಎಂದಳು.

ಸೋಮವಾರ ಹೊಟ್ಟೆನೋವೆಂದು ರಜೆ ಹಾಕಿ ಧಾರಾವಿಗೆ ಹೋದೆ. ಸುಳ್ಳೇನಲ್ಲ, ನಿಜವಾಗಿ ನೋಯುತ್ತಿತ್ತು. ಹದ ಮಾಡಿದ ಚರ್ಮದ ವಾಸನೆಯ ಒಂದು ಓಣಿಯಲ್ಲಿ, ಗೋಡೆಯ ತುಂಬ ಮರದ ಕಾಲುಗಳನ್ನು ತೂಗುಹಾಕಿದ್ದ ಪುಟ್ಟ ಅಂಗಡಿ. ಒಳಗೆ ಕೂತಿದ್ದ ಮೆಹಬೂಬಸಾಬರು ಕನ್ನಡಕ ಏರಿಸಿಕೊಂಡು ಗೊಂಬೆಯನ್ನು ಎತ್ತಿದರು.

"ಯಾರದರೀ ಇದು? ಮಗಂದೇನು?"

"ಅಲ್ಲ, ನಮ್ಮ ಶೇಟ್‌ಜಿಯದು."

"ಅವ್ರ ವಯಸ್ಸೆಷ್ಟರೀ?"

"ಅರವತ್ತು."

ಅವರು ಗಂಭೀರವಾಗಿ ತಲೆಯಾಡಿಸಿದರು. ಗೊಂಬೆಯ ಪ್ಯಾಂಟು ಕಳಚಿ, ಮಂಡಿಯೊಳಗೆ ಮುರಿದು ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ ಮೊಳೆಯನ್ನು ಸೂಜಿಯಿಂದ ಹೊರಗೆ ತೆಗೆದರು. "ಬಣ್ಣಾ ಭಾಳ ಚಲೋ ಹಚ್ಯಾರ. ಮೂಗು ನೋಡ್ರಿ, ಉಗುರು ನೋಡ್ರಿ. ಕಾಲ ಮಾಡೂ ಹೊತ್ತಿಗೆ ಅವಸರ ಬಿದ್ದದ ಅವರಿಗೆ. ಮಂಡಿ ಸಡಲಾದ್ರ ಮನಷ್ಯಾ ಬೀಳ್ತಾನ, ಬಿಗಿ ಆದ್ರ ನಡಿಯಾಂಗಿಲ್ಲ. ನಡುವ ಒಂದು ಹದಾ ಐತ್ರಿ." ಹೀಗೆ ಹೇಳುತ್ತಲೇ ಹಿತ್ತಾಳೆಯ ತಂತಿ ಕತ್ತರಿಸಿ ಹೊಸ ಮೊಳೆ ಮಾಡಿದರು. ತೊಡೆ ಮತ್ತು ಕಾಲು ಕೂಡುವಲ್ಲಿ, ಎಣ್ಣೆಯಲ್ಲಿ ನೆನೆಸಿದ ಚರ್ಮದ ಎರಡು ಬಿಲ್ಲೆಗಳನ್ನು ಇಟ್ಟರು. ಸಾಸಿವೆಗಿಂತ ತುಸು ದೊಡ್ಡವು, ಅಷ್ಟೆ.

"ಬಲಗಾಲೂ ಮಾಡಿಕೊಡ್ಲೇನ್ರಿ? ಒಂದು ಚಲೋ ಆದ್ರ ಇನ್ನೊಂದು ಸಿಟ್ಟಿಗೇಳತೈತಿ," ಎಂದರು.

ಸರಿಯಿರುವ ಕಾಲನ್ನೂ ಬಿಚ್ಚುವುದೆಂದರೆ ನನಗೆ ಮೈ ಜುಮ್ಮೆಂದಿತು. "ಬೇಡ, ಬೇಡ," ಎಂದು ಗೊಂಬೆಯನ್ನು ಪೆಟ್ಟಿಗೆಗೆ ಸೇರಿಸಿ ಓಡಿದೆ. ಅವರ ಮಾತು ಕೇಳಬೇಕಿತ್ತು.

ಮಂಗಳವಾರ ಶೇಟ್‌ಜಿ ಗೊಂಬೆಯನ್ನು ಎತ್ತಿಕೊಂಡು ಕಾಲುಗಳನ್ನು ಆಡಿಸಿದರು. ಬಲಮಂಡಿ ಜೋತುಬಿದ್ದಿತು. ಎಡಮಂಡಿ ನಿಲ್ಲಿಸಿದಲ್ಲಿ ನಿಂತಿತು. ಮತ್ತೆ ಆಡಿಸಿದರು. ಒಂಟಿ ಎಡಗಾಲಿನ ಮೇಲೆ ಗೊಂಬೆಯನ್ನು ಮೇಜಿನ ಮೇಲೆ ನಿಲ್ಲಿಸಿದರು. ಅದು ಅಲುಗಾಡದೆ ನಿಂತಿತು. "ಕ್ಯಾ ಚೀಜ್ ಹೈ," ಎಂದು ಶೇಟ್‌ಜಿ ನಿಟ್ಟುಸಿರಿಟ್ಟರು. "ರಾವ್, ಈ ಎಡಮಂಡಿ ನೋಡು. ಇದನ್ನು ಮಾಡಿದವರು ಯಾರು?"

ಪ್ರಶ್ನೆ ಬಂದೇ ಬಂದಿತು. ನನ್ನ ಜೀವಮಾನದಲ್ಲಿ ಮೊದಲ ಬಾರಿ ಅದು ಮೆಚ್ಚುಗೆಯಾಗಿ ಬಂದಿತ್ತು. ಉತ್ತರ ನನಗೆ ಗೊತ್ತಿತ್ತು, ವಿಳಾಸವೂ ಗೊತ್ತಿತ್ತು. ಬಾಯಿ ತೆರೆದೆ. "ಲಂಡನ್ನಿನವರು, ಶೇಟ್‌ಜಿ," ಎಂದೆ.

"ಅದು ನನಗೂ ಗೊತ್ತು. ಅವರಿಗೆ ಕಾಗದ ಬರೆ. ಬಲಗಾಲಿಗಿಂತ ಎಡಗಾಲು ಉತ್ತಮವಾಗಿದೆ, ಅದರ ಗುಟ್ಟೇನು, ನಮಗೆ ಕಲಿಸುವಿರಾ ಎಂದು ಕೇಳು."

ಗಲ್ಲಿಗೇರುವವನ ಕೈಯಲ್ಲೇ ಹಗ್ಗ ಹೊಸೆಯಿಸುವುದೆಂದರೆ ಇದೇ. ಟೈಪ್ ಮಾಡುವಾಗ ಎಡ ಎಂಬಲ್ಲಿ ಎರಡು ಸಲ ತಪ್ಪಿತು. ಕಾಗದವನ್ನು ಅಂಚೆಡಬ್ಬಿಗೆ ಹಾಕದೆ ಸಮುದ್ರಕ್ಕೆ ಎಸೆಯೋಣವೆಂದು ಯೋಚಿಸಿದೆ. ಎಸೆದದ್ದನ್ನು ಯಾರಾದರೂ ನೋಡಿದರೆ ಎಂದು ಹೆದರಿ ಡಬ್ಬಿಗೇ ಹಾಕಿದೆ. ಅಲ್ಲಿಂದ ಸುಮಾರು ಎರಡು ತಿಂಗಳು, ಪೋಸ್ಟ್‌ಮ್ಯಾನಿನ ಚಪ್ಪಲಿಯ ಸದ್ದು ಮೆಟ್ಟಿಲಲ್ಲಿ ಕೇಳಿದರೆ ನನ್ನ ಕೈಯ ಪೆನ್ನು ನಿಲ್ಲುತ್ತಿತ್ತು. "ನಾವು ಹಿತ್ತಾಳೆ ಬಳಸುವುದಿಲ್ಲ, ಚರ್ಮ ಬಳಸುವುದಿಲ್ಲ, ನಿಮ್ಮಲ್ಲೇ ಯಾರೋ ಮುರಿದಿದ್ದಾರೆ" ಎಂಬ ಉತ್ತರವನ್ನು ನಾನು ಮನಸ್ಸಿನಲ್ಲೇ ಒಳ್ಳೆಯ ಇಂಗ್ಲಿಷಿನಲ್ಲಿ ಹಲವು ಬಾರಿ ಓದಿಕೊಂಡಿದ್ದೆ. ಶಾರದೆ, "ನೀವು ಇಳಿದುಹೋಗಿದ್ದೀರಿ, ಹೇಳಿಬಿಡಿ," ಎಂದಳು. ನಾಳೆ ಹೇಳುತ್ತೇನೆ ಎಂದೆ, ಪ್ರತಿದಿನವೂ.

ಉತ್ತರ ಬಂತು. ಲಕೋಟೆಯನ್ನು ಒಡೆಯುವ ಕೆಲಸವೂ ನನ್ನದೇ. ಎರಡು ಸಲ ಓದಿದೆ, ನಂಬಿಕೆಯಾಗದೆ ಮತ್ತೊಮ್ಮೆ ಓದಿದೆ. ಶೇಟ್‌ಜಿಗೆ ಓದಿ ಹೇಳಿದಾಗ ಅವರು, "ನೋಡಿದೆಯಾ, ಗುಟ್ಟು ಬಿಟ್ಟುಕೊಡುವುದಿಲ್ಲ. ಇಂಥ ಕೆಲಸ ನಮ್ಮವರಿಂದ ಆಗುವುದಲ್ಲ," ಎಂದು ಬಕೆಟಿಗೆ ಮರಳಿದರು. ನಾನು ತಲೆಯಾಡಿಸಿದೆ. ಆ ತಲೆಯಾಟ ಇಂದಿಗೂ ನನ್ನನ್ನು ಕುಟುಕುತ್ತದೆ.

ಆ ವಾರದ ಶನಿವಾರ ಪತ್ರದ ಪ್ರತಿಯನ್ನು ಜೇಬಿನಲ್ಲಿಟ್ಟು ಧಾರಾವಿಗೆ ಹೋದೆ. ನಡೆದದ್ದನ್ನೆಲ್ಲ ಮೆಹಬೂಬಸಾಬರಿಗೆ ಹೇಳಿ, ಪತ್ರವನ್ನು ಕನ್ನಡದಲ್ಲಿ ವಿವರಿಸಿದೆ: "ಎಡಮಂಡಿಯ ಬಗ್ಗೆ ನಿಮ್ಮ ಮೆಚ್ಚುಗೆಗೆ ಕೃತಜ್ಞರು. ಅದು ನಮ್ಮ ಕುಶಲಕರ್ಮಿಗಳ ದೀರ್ಘಕಾಲದ ಪರಿಶ್ರಮದ ಫಲ. ಅದರ ರಹಸ್ಯವನ್ನು ಹೊರಗಿನವರಿಗೆ ತಿಳಿಸಲಾಗದೆಂದು ವಿಷಾದಿಸುತ್ತೇವೆ."

ಅವರು ಸಿಟ್ಟಾಗುತ್ತಾರೆಂದು ಬಾಗಿಲಿನ ಹತ್ತಿರವೇ ನಿಂತಿದ್ದೆ. ಅವರು ದಾರಕ್ಕೆ ಮೇಣ ಉಜ್ಜುತ್ತಲೇ ಇದ್ದರು.

"ಇದನ್ನ ಬರದಾಂವ ಅಲ್ಲಿ ಸೇಠ ಅಲ್ರೀ," ಎಂದರು. "ನಿಮ್ಮಂಥಾಂವ ಒಬ್ಬ ಗುಮಾಸ್ತ ಬರದಾನ. ಎಡಗಾಲ ಯಾರು ಮಾಡ್ಯಾರಂತ ಮ್ಯಾಲಿನಾಂವ ಕೇಳಿರಬೇಕು. ಗೊತ್ತಿಲ್ಲ ಅನ್ನಾಕ ಅಂಜ್ಯಾನ ಪಾಪ."

"ನಮ್ಮ ಶೇಟ್‌ಜಿಗೆ ನಿಮ್ಮ ಹೆಸರು ಹೇಳಲೇ?" ಎಂದೆ.

"ಬಿಡ್ರಿ. ನಿಮಗ್ಯಾಕ ತ್ರಾಸು? ನನಗ ಮನಷ್ಯಾರ ಕಾಲ ಅದಾವು," ಎಂದು ಅವರು, ಬೆಂಚಿನ ಮೇಲೆ ಕಾಯುತ್ತಿದ್ದವನ ಅಳತೆ ತೆಗೆದುಕೊಳ್ಳತೊಡಗಿದರು.

ಲಂಡನ್ನಿನ ಆ ಗುಮಾಸ್ತ ಅಂದಿನಿಂದ ನನಗೆ ಒಡಹುಟ್ಟಿದವನಿಗಿಂತ ಹತ್ತಿರದವನಾದ. ಅವನೂ ಪೋಸ್ಟಿನ ಸದ್ದಿಗೆ ಬೆಚ್ಚುತ್ತಿರಬೇಕು. ಹೆದರಬೇಡಪ್ಪ, ಇಲ್ಲಿಯೂ ಯಾರಿಗೂ ಗೊತ್ತಾಗಿಲ್ಲ ಎಂದು ಸಮಾಧಾನ ಹೇಳಲು ಅವನಿಗೆ ಕಾಗದ ಬರೆಯಲು ಕೂತೆ. ನಾಲ್ಕು ಸಾಲು ಬರೆದೂ ಬಿಟ್ಟಿದ್ದೆ. ಅದು ಅವನ ಯಜಮಾನನ ಕೈಗೆ ಸಿಕ್ಕಿದರೆ ಬಡಪಾಯಿಯ ಗತಿಯೇನು ಎಂದು ಹೆದರಿ ಹರಿದು ಹಾಕಿದೆ. ಚೂರುಗಳನ್ನು ಒಂದೇ ಕಸದ ಡಬ್ಬಿಗೆ ಹಾಕದೆ, ಮುಲುಂಡಿಗೆ ಹೋಗುವ ದಾರಿಯಲ್ಲಿ ಮೂರು ಸ್ಟೇಷನ್ನುಗಳಿಗೆ ಹಂಚಿದೆ.